ಬೆಳಕು ಬಂದರೆ ಸಾಲದು, ಎಷ್ಟು ಕಳೆಯಿತು ಎಂದು ತಿಳಿಯಬೇಕು

ಪ್ರಶ್ನೆ: ನಾನು ನಾಪೋಕ್ಲು ಕಡೆಯವನು. ತಂದೆಯವರು ನಡೆಸುತ್ತಿದ್ದ ಕೇಬಲ್ ಟಿ.ವಿ. ವ್ಯವಹಾರವನ್ನು ಮೂರು ವರ್ಷಗಳಿಂದ ಫೈಬರ್ ಇಂಟರ್‌ನೆಟ್‌ಗೆ ಬದಲಿಸಿಕೊಂಡಿದ್ದೇನೆ. ಮನೆಗಳು, ಕೆಲವು ಹೋಮ್‌ಸ್ಟೇಗಳು, ಎರಡು ತೋಟದ ಕಚೇರಿಗಳು ನಮ್ಮ ಲೈನಿನಲ್ಲಿವೆ. ನಮ್ಮ ಕಚೇರಿಯಿಂದ ಆರು ಕಿಲೋಮೀಟರ್ ದೂರದ ಒಂದು ತೋಟಕ್ಕೆ ಬೆಳಕನ್ನು ನಾಲ್ಕು ಮತ್ತು ಎಂಟು ಪಾಲು ಮಾಡುವ 1:4 ಮತ್ತು 1:8 ಸ್ಪ್ಲಿಟರ್‌ಗಳ ಮೂಲಕ ಫೈಬರ್ ಹೋಗಿದೆ. ಬೇಸಿಗೆಯಲ್ಲಿ ಅಲ್ಲಿ ಪವರ್ ಮೀಟರ್ ಮೈನಸ್ 19 ಡಿಬಿಎಂ ತೋರಿಸುತ್ತದೆ. ಜೂನ್ ಬಂದರೆ ಮೈನಸ್ 26ಕ್ಕೆ ಇಳಿಯುತ್ತದೆ, ಗಾಳಿ ಬೀಸಿದಾಗ ಕೆಂಪು ದೀಪ ಮಿನುಗುತ್ತದೆ. ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಕನೆಕ್ಟರ್ ಇರುವ ತುಂಡು ಫೈಬರ್) ಬದಲಿಸಿದರೆ ಕೆಲವೊಮ್ಮೆ ಸ್ವಲ್ಪ ಸುಧಾರಿಸುತ್ತದೆ, ಕೆಲವೊಮ್ಮೆ ಇಲ್ಲ. ಕಡಿಮೆ ಬೆಲೆಗೆ ಸಿಕ್ಕಿತೆಂದು ನೂರು ಪ್ಯಾಚ್ ಕಾರ್ಡ್ ತರಿಸಿದ್ದೇನೆ. ಎಲ್ಲದಕ್ಕೂ ಕೆಂಪು ಲೇಸರ್ ಪೆನ್ ಹಾಯಿಸಿ ನೋಡಿದೆ, ಬೆಳಕು ಬರುತ್ತದೆ. ಆದರೂ ಧೈರ್ಯವಿಲ್ಲ. ಇವನ್ನು ಸರಿಯಾಗಿ ಪರೀಕ್ಷಿಸುವುದು ಹೇಗೆ? ಫೈಬರಿನಲ್ಲಿ ದೋಷ ಎಲ್ಲಿದೆ ಎಂದು ತೋರಿಸುವ ಓಟಿಡಿಆರ್ ಯಂತ್ರವನ್ನು ಗೆಳೆಯರೊಬ್ಬರಿಂದ ತಂದು ನೋಡಿದರೆ ಒಂದು ಜಾಯಿಂಟಿನಲ್ಲಿ ಬೆಳಕು ಹೆಚ್ಚಾದಂತೆ ತೋರಿಸಿತು. ಯಂತ್ರ ಕೆಟ್ಟಿದೆಯೇ? ನಾನೂ ಒಂದು ಓಟಿಡಿಆರ್ ಕೊಳ್ಳಬೇಕೇ?

ಉತ್ತರ: ನೀವು ಹಲವು ಪ್ರಶ್ನೆ ಕೇಳಿದ್ದೀರಿ, ಆದರೆ ಅವುಗಳ ಬೇರು ಒಂದೇ. ನಿಮ್ಮ ಬಳಿ ಅಳತೆಗಳಿವೆ, ಅವನ್ನು ಯಾವುದಕ್ಕೆ ಹೋಲಿಸಬೇಕೋ ಅದು ಇಲ್ಲ. ಮೈನಸ್ 19 ಒಳ್ಳೆಯದೋ ಕೆಟ್ಟದ್ದೋ ಎಂದು ಮೀಟರ್ ಹೇಳುವುದಿಲ್ಲ. ಆ ಲೈನಿನಲ್ಲಿ ಲೆಕ್ಕದ ಪ್ರಕಾರ ಎಷ್ಟಿರಬೇಕಿತ್ತು, ಲೈನ್ ಎಳೆದ ದಿನ ಎಷ್ಟಿತ್ತು ಎಂಬ ಎರಡು ಅಂಕಿಗಳು ನಿಮ್ಮ ಪುಸ್ತಕದಲ್ಲಿದ್ದರೆ ಮಾತ್ರ ಇವತ್ತಿನ ಅಳತೆಗೆ ಅರ್ಥ ಬರುತ್ತದೆ. ಪ್ಯಾಚ್ ಕಾರ್ಡಿಗೂ ಇದೇ ಮಾತು, ಓಟಿಡಿಆರ್‌ಗೂ ಇದೇ ಮಾತು.

ಮೊದಲು ಆ ಕೆಂಪು ಲೇಸರ್ ಪೆನ್ನಿನ ವಿಷಯ ಮುಗಿಸುತ್ತೇನೆ. ಅದರ ಬೆಳಕು 650 ನ್ಯಾನೋಮೀಟರ್‌ನದು, ಕಣ್ಣಿಗೆ ಕಾಣುವ ಕೆಂಪು. ನಿಮ್ಮ ಇಂಟರ್‌ನೆಟ್ ಹರಿಯುವುದು 1490 ಮತ್ತು 1310 ನ್ಯಾನೋಮೀಟರ್‌ಗಳಲ್ಲಿ, ಅದು ಕಣ್ಣಿಗೆ ಕಾಣುವುದೇ ಇಲ್ಲ. ಪೆನ್ನಿನಿಂದ ತಿಳಿಯುವುದು ಎರಡೇ ಸಂಗತಿ: ಫೈಬರ್ ತುಂಡಾಗಿಲ್ಲ, ಮತ್ತು ಈ ತುದಿಯ ಜೋಡಿ ಆ ತುದಿಯದು. ಎಲ್ಲಾದರೂ ಜೋರಾಗಿ ಮುರಿದಿದ್ದರೆ ಆ ಜಾಗ ಕೆಂಪಗೆ ಹೊಳೆಯುತ್ತದೆ, ಅದೂ ಉಪಯುಕ್ತವೇ. ಆದರೆ ಅರ್ಧ ಬೆಳಕು ಸೋರಿಹೋದರೂ ನಮ್ಮ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನೂರು ಕಾರ್ಡ್‌ಗಳಲ್ಲೂ ಬೆಳಕು ಕಂಡಿತು ಎಂದರೆ ನೂರರಲ್ಲಿಯೂ ಗಾಜು ತುಂಡಾಗಿಲ್ಲ ಎಂದಷ್ಟೇ ಅರ್ಥ.

ಈಗ ನಿಮ್ಮ ಎರಡು ಅಂಕಿಗಳನ್ನು ನೋಡೋಣ. ಡಿಬಿ ಎಂಬುದು ಅನುಪಾತದ ಲೆಕ್ಕ. 3 ಡಿಬಿ ಕಳೆದರೆ ಬೆಳಕು ಅರ್ಧ, 10 ಕಳೆದರೆ ಹತ್ತರಲ್ಲಿ ಒಂದು ಪಾಲು, 20 ಕಳೆದರೆ ನೂರರಲ್ಲಿ ಒಂದು. ಸೊನ್ನೆ ಡಿಬಿಎಂ ಎಂದರೆ ಒಂದು ಮಿಲಿವ್ಯಾಟ್. ಹಾಗಾಗಿ ಮೈನಸ್ 19 ಎಂದರೆ ಸುಮಾರು 12.6 ಮೈಕ್ರೋವ್ಯಾಟ್, ಮೈನಸ್ 26 ಎಂದರೆ ಸುಮಾರು 2.5 ಮೈಕ್ರೋವ್ಯಾಟ್. ಏಳು ಅಂಕಿಯ ಇಳಿತ ಎಂದು ಹಗುರವಾಗಿ ಕಾಣುತ್ತದೆ, ನಿಜದಲ್ಲಿ ಐದು ಪಾಲು ಬೆಳಕಿನಲ್ಲಿ ನಾಲ್ಕು ಪಾಲು ದಾರಿಯಲ್ಲೇ ಹೋಗುತ್ತಿದೆ. ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಜಿಪಾನ್ ವ್ಯವಸ್ಥೆಯ ಸಾಮಾನ್ಯ ಬಿ ಪ್ಲಸ್ ದರ್ಜೆಯಲ್ಲಿ ಮನೆಯ ಪೆಟ್ಟಿಗೆ, ಅಂದರೆ ಓಎನ್‌ಟಿ, ಓದಬಲ್ಲ ಕನಿಷ್ಠ ಬೆಳಕು ಮೈನಸ್ 27. ಅಂದರೆ ಮಳೆಗಾಲದಲ್ಲಿ ನಿಮ್ಮ ತೋಟದ ಗ್ರಾಹಕರು ಕೇವಲ 1 ಡಿಬಿಯ ಅಂತರದಲ್ಲಿ ಬದುಕುತ್ತಿದ್ದಾರೆ. ಗಾಳಿಗೆ ಒಂದು ಕೊಂಬೆ ಅಲುಗಿದರೂ ಕೆಂಪು ದೀಪ ಮಿನುಗುವುದು ಅದಕ್ಕೇ.

ಎಷ್ಟಿರಬೇಕಿತ್ತು? ಕಚೇರಿಯಿಂದ ಬೆಳಕು ಕಳಿಸುವ ನಿಮ್ಮ ಯಂತ್ರ, ಅಂದರೆ ಓಎಲ್‌ಟಿ, ಎಷ್ಟು ಬೆಳಕು ಬಿಡುತ್ತದೆ ಎಂದು ನೀವು ಬರೆದಿಲ್ಲ. ಬಿ ಪ್ಲಸ್‌ನಲ್ಲಿ ಅದು 1.5ರಿಂದ 5 ಡಿಬಿಎಂ ನಡುವೆ ಇರುತ್ತದೆ, ಸದ್ಯಕ್ಕೆ 3 ಎಂದಿಟ್ಟುಕೊಳ್ಳುತ್ತೇನೆ. ಕಚೇರಿಯಿಂದ ಗ್ರಾಹಕರ ಕಡೆಗೆ ಬರುವ 1490ರಲ್ಲಿ ಕಿಲೋಮೀಟರಿಗೆ 0.25 ಡಿಬಿಯಂತೆ ಆರು ಕಿಲೋಮೀಟರಿಗೆ 1.5. 1:4 ಸ್ಪ್ಲಿಟರ್‌ಗೆ ಸುಮಾರು 7, 1:8ಕ್ಕೆ ಸುಮಾರು 10.5, ಒಟ್ಟು 17.5. ನಾಲ್ಕು ಕನೆಕ್ಟರ್ ಜೋಡಣೆಗಳಿಗೆ ತಲಾ 0.3ರಂತೆ 1.2. ಗಾಜಿಗೆ ಗಾಜು ಬೆಸೆದ ಎಂಟು ಸ್ಪ್ಲೈಸ್‌ಗಳಿಗೆ ತಲಾ 0.1ರಂತೆ 0.8. ಎಲ್ಲ ಕೂಡಿದರೆ 21 ಡಿಬಿ. ಮೂರರಿಂದ ಇಪ್ಪತ್ತೊಂದು ಕಳೆದರೆ ಮೈನಸ್ 18. ನಿಮ್ಮ ಬೇಸಿಗೆಯ ಮೈನಸ್ 19 ಇದಕ್ಕೆ ಹತ್ತಿರವೇ ಇದೆ. ಆದ್ದರಿಂದ ಲೈನಿನ ವಿನ್ಯಾಸ ತಪ್ಪಿಲ್ಲ, ಸ್ಪ್ಲಿಟರ್ ತಪ್ಪಿಲ್ಲ. ಮಳೆಗಾಲದಲ್ಲಿ ಮಾತ್ರ ಬಂದು ಸೇರುವ ಏಳು ಡಿಬಿ ಒಂದೋ ಎರಡೋ ನಿರ್ದಿಷ್ಟ ಜಾಗಗಳಲ್ಲಿ ಕುಳಿತಿದೆ. ಈ ಒಂದು ಲೆಕ್ಕಕ್ಕೆ ಐದು ನಿಮಿಷ ಸಾಕು, ಅದು ಐದು ದಿನದ ಅಲೆದಾಟ ಉಳಿಸುತ್ತದೆ.

ಅಳೆಯುವಾಗ ಮೀಟರನ್ನು 1490ಕ್ಕೆ ಹೊಂದಿಸಿದ್ದೀರಾ ಎಂದು ಖಚಿತಪಡಿಸಿಕೊಳ್ಳಿ. 850ರಲ್ಲಿಯೋ 1310ರಲ್ಲಿಯೋ ಬಿಟ್ಟು ಅಳೆದವರನ್ನು ಬೇಕಾದಷ್ಟು ನೋಡಿದ್ದೇನೆ. ಬೆಳಕು ಅದೇ, ಅಂಕಿ ಬೇರೆ ಬರುತ್ತದೆ.

ಇನ್ನು ಪ್ಯಾಚ್ ಕಾರ್ಡ್. ಇಲ್ಲಿ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಕೊಡಗಿನಲ್ಲಿ ನಾನು ನೋಡಿದ ದೋಷಗಳಲ್ಲಿ ಹೆಚ್ಚಿನವು ಆರು ಕಿಲೋಮೀಟರ್ ಕೇಬಲಿನಲ್ಲಿ ಇರುವುದಿಲ್ಲ, ಅದರ ತುದಿಯ ಎರಡು ಮೀಟರಿನಲ್ಲಿ ಇರುತ್ತವೆ.

ಮೀಟರ್ ಹಿಡಿಯುವ ಮೊದಲು ಸೂಕ್ಷ್ಮದರ್ಶಕ ಹಿಡಿಯಬೇಕು. ಫೈಬರ್ ತುದಿಯನ್ನು ನೋಡಲೆಂದೇ ಕೈಯಲ್ಲಿ ಹಿಡಿಯುವ ಸಣ್ಣ ಸ್ಕೋಪ್ ಬರುತ್ತದೆ, ಪರದೆ ಇರುವ ಪ್ರೋಬ್ ಆದರೆ ಇನ್ನೂ ಒಳ್ಳೆಯದು. ಒಂದು ಜನವರಿಯಲ್ಲಿ ಸೋಮವಾರಪೇಟೆ ಕಡೆಯ ಒಂದು ತೋಟದ ಕಚೇರಿಗೆ ಹೋಗಿದ್ದೆ. ಎದುರಿನ ಕಣದಲ್ಲಿ ಕಾಫಿ ಹರಡಿ ಕಾಲಿನಿಂದ ಎಳೆಯುತ್ತಿದ್ದರು, ಸಿಪ್ಪೆಯ ಧೂಳು ಕಿಟಕಿಯ ಬಿಸಿಲಿನಲ್ಲಿ ತೇಲುತ್ತಿತ್ತು. ಅಲ್ಲಿನ ಕನೆಕ್ಟರ್ ಬಿಚ್ಚಿ ಸ್ಕೋಪಿಗೆ ಇಟ್ಟೆ. ಬೂದು ಬಣ್ಣದ ದುಂಡು ಗಾಜು ಕಾಣಿಸಿತು, 125 ಮೈಕ್ರಾನ್ ಅಗಲದ್ದು. ಅದರ ನಟ್ಟನಡುವೆ ಬೆಳಕು ಹಾಯುವ ತಿರುಳು, ಬರೀ 9 ಮೈಕ್ರಾನ್. ತಲೆಗೂದಲು ಸಾಮಾನ್ಯವಾಗಿ ಇದರ ಆರೇಳು ಪಾಲು ದಪ್ಪ ಇರುತ್ತದೆ. ಆ ತಿರುಳಿನ ಅಂಚಿಗೆ ಒಂದು ಕಪ್ಪು ಕಣ ಅಂಟಿತ್ತು, ಸುತ್ತ ಬೆರಳಿನ ಜಿಡ್ಡು ಸಣ್ಣ ಸಣ್ಣ ಹನಿಗಳಾಗಿ ಹರಡಿತ್ತು. ಆ ಒಂದು ಜೋಡಣೆಯಲ್ಲಿ 1.4 ಡಿಬಿ ಹೋಗುತ್ತಿತ್ತು. ಒರೆಸಿ ಮತ್ತೆ ಸೇರಿಸಿದಾಗ 0.2ಕ್ಕೆ ಬಂತು. ತೋಟದ ರೈಟರ್ ಬಗ್ಗಿ ಪರದೆ ನೋಡಿದರು. ಅಂದಿನಿಂದ ಆ ಕಚೇರಿಯಲ್ಲಿ ಯಾರೂ ಕನೆಕ್ಟರ್ ತುದಿಯನ್ನು ಬೆರಳಿನಿಂದ ಮುಟ್ಟಿಲ್ಲ.

ಹೊಸ ಕಾರ್ಡ್ ಸ್ವಚ್ಛವಾಗಿಯೇ ಇರುತ್ತದೆ ಎಂಬ ನಂಬಿಕೆಯನ್ನು ಬಿಡಿ. ತುದಿಗೆ ಹಾಕಿ ಕಳಿಸುವ ಪ್ಲಾಸ್ಟಿಕ್ ಕ್ಯಾಪಿನ ಒಳಗೇ ಧೂಳು, ಅಂಟಿನ ಪದರ ಇರುತ್ತದೆ. ಕೊಳೆಯಾದ ತುದಿಯನ್ನು ಹಾಗೇ ಸಿಕ್ಕಿಸಿದರೆ ಕನೆಕ್ಟರಿನ ಸ್ಪ್ರಿಂಗ್ ಸುಮಾರು ಒಂದು ಕಿಲೋ ಭಾರದಷ್ಟು ಬಲದಿಂದ ಎರಡು ತುದಿಗಳನ್ನು ಒತ್ತುತ್ತದೆ. ಒಂದು ಗಟ್ಟಿ ಕಣ ನಡುವೆ ಸಿಕ್ಕಿದರೆ ಎರಡೂ ಗಾಜಿನ ಮೇಲೆ ಗುಳಿ ಬೀಳುತ್ತದೆ. ಮತ್ತೆ ಎಷ್ಟು ಒರೆಸಿದರೂ ಆ ಗುಳಿ ಹೋಗುವುದಿಲ್ಲ, ನಿಮ್ಮ ಒಳ್ಳೆಯ ಕಾರ್ಡೂ ಅದರ ಜತೆ ಹಾಳಾಗುತ್ತದೆ. ಆದ್ದರಿಂದ ನೋಡುವುದು, ಒರೆಸುವುದು, ಮತ್ತೆ ನೋಡುವುದು, ಆಮೇಲೆ ಸೇರಿಸುವುದು. ಈ ಕ್ರಮವನ್ನು ಒಂದು ದಿನವೂ ತಪ್ಪಿಸಬೇಡಿ.

ಒರೆಸಲು ಪೆನ್ನಿನಂತೆ ಒತ್ತುವ ಒನ್ ಕ್ಲಿಕ್ ಕ್ಲೀನರ್ ಸಾಕು. ಎಸ್‌ಸಿ ಕನೆಕ್ಟರಿಗೆ 2.5 ಮಿಲಿಮೀಟರ್‌ನದು, ಎಲ್‌ಸಿಗೆ 1.25ರದು, ಬೇರೆ ಬೇರೆ. ಜಿಡ್ಡು ಹೋಗದಿದ್ದರೆ 99 ಶೇಕಡದ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ನೂಲು ಬಿಡದ ಒರೆಸುವ ಹಾಳೆಗೆ ಹಾಕಿ ಒರೆಸಿ, ಕೂಡಲೇ ಒಣ ಹಾಳೆಯಲ್ಲಿ ಇನ್ನೊಮ್ಮೆ ಒರೆಸಿ. ಔಷಧ ಅಂಗಡಿಯ ಸ್ಪಿರಿಟ್ ಬೇಡ, ಸ್ಯಾನಿಟೈಸರ್ ಬೇಡವೇ ಬೇಡ. ಅವುಗಳಲ್ಲಿ ನೀರು, ಎಣ್ಣೆ, ಗ್ಲಿಸರಿನ್‌ನಂಥವು ಸೇರಿರುತ್ತವೆ, ಒಣಗಿದ ಮೇಲೆ ಪದರ ಉಳಿಯುತ್ತದೆ. ಬಾಯಿಯಿಂದ ಊದುವುದು, ಅಂಗಿಯ ಅಂಚಿನಲ್ಲಿ ಒರೆಸುವುದು ನಮ್ಮಲ್ಲಿ ಎಲ್ಲರಿಗೂ ಇರುವ ಅಭ್ಯಾಸ. ಊದಿದರೆ ಉಸಿರಿನ ತೇವ ಕೂರುತ್ತದೆ. ಅಂಗಿಯಲ್ಲಿ ಬೆವರಿದೆ, ನೂಲಿದೆ. ಓಎನ್‌ಟಿಯ ಒಳಗಿನ ತುದಿಯನ್ನೂ ಎರಡು ಕನೆಕ್ಟರ್‌ಗಳನ್ನು ಎದುರುಬದುರು ಕೂರಿಸುವ ಅಡಾಪ್ಟರಿನ ಒಳಭಾಗವನ್ನೂ ಮರೆಯಬೇಡಿ. ಹೊರಗಿನದನ್ನು ತೊಳೆದು ಒಳಗಿನದನ್ನು ಬಿಟ್ಟರೆ ಕೊಳೆ ಅಲ್ಲಿಂದ ಇಲ್ಲಿಗೆ ದಾಟುತ್ತದೆ, ಅಷ್ಟೇ.

ತುದಿಗಳು ಶುದ್ಧವಾದ ಮೇಲೆ ಅಳತೆ. ಇದಕ್ಕೆ ಬೇಕಾದ್ದು 1310 ಮತ್ತು 1550 ಎರಡೂ ಬಿಡುವ ಒಂದು ಲೈಟ್ ಸೋರ್ಸ್, ಒಂದು ಪವರ್ ಮೀಟರ್, ಒಳ್ಳೆಯ ಅಡಾಪ್ಟರ್ ಒಂದು, ಮತ್ತು ಪರೀಕ್ಷೆಗೆಂದೇ ಮೀಸಲಿಟ್ಟ ಒಂದು ಉತ್ತಮ ಪ್ಯಾಚ್ ಕಾರ್ಡ್. ಇದನ್ನು ರೆಫರೆನ್ಸ್ ಕಾರ್ಡ್ ಎನ್ನುತ್ತಾರೆ. ನಿಮ್ಮ ನೂರರ ಕಟ್ಟಿನಿಂದ ಒಂದನ್ನು ಎತ್ತಿ ರೆಫರೆನ್ಸ್ ಮಾಡಿಕೊಳ್ಳಬೇಡಿ. ಅಳೆಯುವ ಸೇರೇ ಸರಿಯಿಲ್ಲದಿದ್ದರೆ ಅಕ್ಕಿಯ ಲೆಕ್ಕ ಸರಿ ಬರುವುದಿಲ್ಲ. ಒಳ್ಳೆಯ ತಯಾರಕರಿಂದ, ಪರೀಕ್ಷೆಯ ದರ್ಜೆಯದೇ ಬೇಕೆಂದು ಕೇಳಿ ಎರಡು ತರಿಸಿಟ್ಟುಕೊಳ್ಳಿ.

ಲೈಟ್ ಸೋರ್ಸ್ ಹಚ್ಚಿ ಹತ್ತು ಹದಿನೈದು ನಿಮಿಷ ಬಿಡಿ, ಬಿಸಿಯಾಗಿ ಸ್ಥಿರವಾಗಲಿ. ರೆಫರೆನ್ಸ್ ಕಾರ್ಡಿನ ಒಂದು ತುದಿ ಸೋರ್ಸಿಗೆ, ಇನ್ನೊಂದು ನೇರ ಮೀಟರಿಗೆ. ಮೀಟರ್ ಮೈನಸ್ 5.12 ಎಂದು ತೋರಿಸಿತು ಎನ್ನೋಣ. ರೆಫರೆನ್ಸ್ ಗುಂಡಿ ಒತ್ತಿದರೆ ಅದು 0.00 ಡಿಬಿ ಆಗುತ್ತದೆ. ಇನ್ನು ಮುಂದೆ ಸೋರ್ಸಿಗೆ ಸಿಕ್ಕಿಸಿದ ತುದಿಯನ್ನು ಯಾವ ಕಾರಣಕ್ಕೂ ತೆಗೆಯಬಾರದು. ಮೀಟರಿನ ಕಡೆಯ ತುದಿಯನ್ನು ಬಿಚ್ಚಿ ಅಡಾಪ್ಟರಿಗೆ ಹಾಕಿ, ಅಡಾಪ್ಟರಿನ ಆಚೆ ಬದಿಗೆ ಪರೀಕ್ಷೆಯ ಕಾರ್ಡ್, ಅದರ ಮತ್ತೊಂದು ತುದಿ ಮೀಟರಿಗೆ. ಈಗ ಮೀಟರ್ ತೋರಿಸುವುದು ಅಡಾಪ್ಟರಿನಲ್ಲಿರುವ ತುದಿಯ ನಷ್ಟ. ಮೀಟರಿನ ಸಂವೇದಕ ಅಗಲವಾಗಿರುವುದರಿಂದ ಅಲ್ಲಿ ಸೇರಿದ ತುದಿಯ ದೋಷ ಅಳತೆಗೆ ಸಿಗುವುದಿಲ್ಲ. ಹಾಗಾಗಿ ಕಾರ್ಡನ್ನು ತಿರುಗಿಸಿ ಹಾಕಿ ಎರಡನೆಯ ತುದಿಯನ್ನೂ ಅಳೆಯಿರಿ. ಒಂದೇ ಬದಿ ಅಳೆದು ಪಾಸು ಮಾಡಿದ ಕಾರ್ಡ್ ಅರ್ಧ ಪರೀಕ್ಷಿಸಿದ ಕಾರ್ಡ್.

ಎಷ್ಟು ಬಂದರೆ ಒಪ್ಪಬೇಕು? ಅಮೆರಿಕದ ದೂರಸಂಪರ್ಕ ಉದ್ಯಮ ಸಂಘದ (ಟಿಐಎ) ಮಾನದಂಡ ಒಂದು ಜೋಡಣೆಗೆ 0.75 ಡಿಬಿವರೆಗೆ ಬಿಡುತ್ತದೆ. ಅದು ಕಟ್ಟಡಗಳ ಚಿಕ್ಕ ಲೈನ್‌ಗಳಿಗೆ ಸರಿ. ಸ್ಪ್ಲಿಟರ್‌ಗಳೇ ಹದಿನೇಳೂವರೆ ನುಂಗುವ ನಿಮ್ಮಂಥ ಲೈನಿಗೆ ಅಷ್ಟು ಉದಾರತೆ ಸಲ್ಲದು. ನಾನು ಎರಡೂ ತುದಿಗಳಲ್ಲಿ 0.3ರೊಳಗೆ ಬಂದದ್ದನ್ನು ಮಾತ್ರ ಗ್ರಾಹಕರ ಮನೆಗೆ ಕಳಿಸುತ್ತೇನೆ. 0.3ರಿಂದ 0.5ರವರೆಗಿನದನ್ನು ಇನ್ನೊಮ್ಮೆ ಒರೆಸಿ ನೋಡುತ್ತೇನೆ. ಅದರ ಮೇಲಿನದನ್ನು ಕತ್ತರಿಯಿಂದ ಕತ್ತರಿಸುತ್ತೇನೆ. ಕತ್ತರಿಸದೆ ಮೂಲೆಗೆ ಹಾಕಿದರೆ ಆತುರದ ದಿನ ಅದು ಮತ್ತೆ ಕೈಗೆ ಬರುತ್ತದೆ.

ಅಳತೆ ತಲೆಕೆಳಗಾಗಿ, ಕಾರ್ಡ್ ಸೇರಿಸಿದ್ದಕ್ಕೆ ಬೆಳಕು ಹೆಚ್ಚಾಯಿತು ಎಂದು ತೋರಿಸಿದರೆ ಹಿಗ್ಗಬೇಡಿ. ಪ್ಯಾಚ್ ಕಾರ್ಡಿನೊಳಗೆ ಬೆಳಕು ಹುಟ್ಟುವುದಿಲ್ಲ. ರೆಫರೆನ್ಸ್ ಹಾಕುವಾಗ ತುದಿ ಕೊಳೆಯಾಗಿತ್ತು, ಇಲ್ಲವೇ ಸೋರ್ಸಿನ ಕಡೆ ಯಾರೋ ಮುಟ್ಟಿದ್ದಾರೆ. ಕೆಲವು ವರ್ಷಗಳ ಹಿಂದೆ ಮಡಿಕೇರಿಯ ಒಂದು ಕಟ್ಟಡದಲ್ಲಿ 48 ಫೈಬರ್ ಅಳೆಯುತ್ತಿದ್ದೆ. ಊಟಕ್ಕೆ ಏಳುವಾಗ ಧೂಳು ಬೀಳದಿರಲೆಂದು ಸೋರ್ಸಿನಿಂದ ಕಾರ್ಡ್ ಬಿಚ್ಚಿ ಕ್ಯಾಪ್ ಹಾಕಿದೆ, ಬಂದು ಮತ್ತೆ ಸಿಕ್ಕಿಸಿ ಮುಂದುವರಿಸಿದೆ. ಮತ್ತೆ ಸಿಕ್ಕಿಸಿದಾಗ ಸೋರ್ಸಿನಿಂದ ಕಾರ್ಡಿಗೆ ಇಳಿಯುವ ಬೆಳಕು ಸುಮಾರು ಅರ್ಧ ಡಿಬಿ ಬದಲಾಗಿತ್ತು. ಮಧ್ಯಾಹ್ನದ ಎಲ್ಲ ಅಳತೆಗಳೂ ಆ ಅರ್ಧ ಡಿಬಿಯಷ್ಟು ತಪ್ಪಾಗಿದ್ದವು. ಸಂಜೆ ಕೂತು ಪಟ್ಟಿ ನೋಡುವಾಗ ಬೆಳಗಿನ 24ಕ್ಕೂ ಮಧ್ಯಾಹ್ನದ 24ಕ್ಕೂ ಎದ್ದು ಕಾಣುವ ವ್ಯತ್ಯಾಸ ಇದ್ದದ್ದರಿಂದ ಗೊತ್ತಾಯಿತು. ಮರುದಿನ ಹೋಗಿ ಮತ್ತೆ ಅಳೆದೆ. ಆಗಿನಿಂದ ಹತ್ತು ಕಾರ್ಡಿಗೊಮ್ಮೆ ರೆಫರೆನ್ಸ್ ಕಾರ್ಡನ್ನು ನೇರ ಮೀಟರಿಗೆ ಹಾಕಿ ಸೊನ್ನೆ ಬರುತ್ತದೆಯೇ ಎಂದು ನೋಡುತ್ತೇನೆ. ನೀವೂ ಹಾಗೆ ಮಾಡಿ.

ಅಳತೆ ಪಾಸಾದ ಮೇಲೆ ಇನ್ನೆರಡು ಪರೀಕ್ಷೆ ಮಾಡಿ, ಕಡಿಮೆ ಬೆಲೆಯ ಕಾರ್ಡ್‌ಗಳ ಬಣ್ಣ ಬಯಲಾಗುವುದು ಇಲ್ಲಿ. ಮೊದಲನೆಯದು, ಮೀಟರ್ ನೋಡುತ್ತಾ ಕನೆಕ್ಟರಿನ ಹಿಂದಿನ ರಬ್ಬರ್ ಬೂಟನ್ನು ಮೆಲ್ಲಗೆ ನಾಲ್ಕೂ ದಿಕ್ಕಿಗೆ ಬಾಗಿಸಿ. ಅಂಕಿ ಕುಣಿದರೆ ಒಳಗೆ ಗಾಜು ಸರಿಯಾಗಿ ಕೂತಿಲ್ಲ. ಎರಡನೆಯದು, ಸೋರ್ಸನ್ನು 1550ಕ್ಕೆ ಬದಲಿಸಿ, ಆ ಅಲೆಯಲ್ಲಿ ರೆಫರೆನ್ಸ್ ಮತ್ತೆ ಹಾಕಿ, ಕಾರ್ಡನ್ನು 20 ಮಿಲಿಮೀಟರ್ ವ್ಯಾಸದ ಒಂದು ಗೂಟಕ್ಕೆ ಒಂದು ಸುತ್ತು ಸುತ್ತಿ. ಬಾಗುವಿಕೆ ತಾಳುವ ಜಿ.657.ಎ2 ಗಾಜಾದರೆ ಸುತ್ತಿದ್ದರಿಂದ ಹೆಚ್ಚಾದ ನಷ್ಟ 0.1 ಡಿಬಿ ಮೀರಬಾರದು, ಜಿ.657.ಎ1 ಆದರೆ 0.75 ಮೀರಬಾರದು. ಅದಕ್ಕಿಂತ ಹೆಚ್ಚು ಬಿದ್ದರೆ ಒಳಗಿರುವುದು ಹಳೆಯ ಜಿ.652 ಗಾಜು, ಚೀಲದ ಮೇಲೆ ಏನೇ ಮುದ್ರಿಸಿರಲಿ. ಟಿ.ವಿ. ಮೇಜಿನ ಹಿಂದೆ, ಬಾಗಿಲ ಸಂದಿಯಲ್ಲಿ ಮಡಚಿ ತುರುಕುವ ಮನೆಗಳಿಗೆ ಜಿ.652 ಕಾರ್ಡ್ ಕೊಟ್ಟರೆ ದೂರು ಬರುವುದು ಖಂಡಿತ.

ಬಣ್ಣದ ಬಗ್ಗೆ ಒಂದು ಮಾತು. ನೀಲಿ ಕನೆಕ್ಟರ್ ಯುಪಿಸಿ, ಹಸಿರು ಎಪಿಸಿ. ಹಸಿರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ಹಿಂದಕ್ಕೆ ಚಿಮ್ಮುವ ಬೆಳಕು ಬಂದ ದಾರಿಗೆ ಮರಳದಿರಲೆಂದು. ನಿಮ್ಮ ತಂದೆಯವರ ಕಾಲದ ಕೇಬಲ್ ಟಿ.ವಿ. ಫೈಬರಿನಲ್ಲಿ ಎಲ್ಲೆಡೆ ಹಸಿರೇ ಇದ್ದುದಕ್ಕೆ ಇದೇ ಕಾರಣ, ಆ ಅನಲಾಗ್ ಚಿತ್ರಕ್ಕೆ ಮರಳುವ ಬೆಳಕು ಹಿಡಿಸುವುದಿಲ್ಲ. ಹಸಿರನ್ನು ನೀಲಿಗೆ ಸಿಕ್ಕಿಸಿದರೆ ಸಿಕ್ಕುತ್ತದೆ, ದೀಪವೂ ಹತ್ತಬಹುದು. ಆದರೆ ನಡುವೆ ಗಾಳಿಯ ಸಂದು ಉಳಿದು ಹಲವು ಡಿಬಿ ಹೋಗುತ್ತದೆ, ತುದಿಗಳೂ ಗೀರಾಗುತ್ತವೆ. ನಿಮ್ಮ ಹುಡುಗರಿಗೆ ಇದನ್ನು ಕೈಹಿಡಿದು ತೋರಿಸಿ. ಹಳೆಯ ಟಿ.ವಿ. ಆಂಪ್ಲಿಫೈಯರ್ ಇನ್ನೂ ಬಳಕೆಯಲ್ಲಿದ್ದರೆ ಅದರ ಫೈಬರ್ ತುದಿಯನ್ನು ಬರಿಗಣ್ಣಿನಿಂದಾಗಲಿ ಸ್ಕೋಪಿನಿಂದಾಗಲಿ ಎಂದೂ ನೋಡಬಾರದು. ಆ ಬೆಳಕು ಕಾಣುವುದಿಲ್ಲ, ಆದರೆ ಕಣ್ಣನ್ನು ಕೆಡಿಸುವಷ್ಟು ಬಲವಾಗಿರುತ್ತದೆ. ಮೊದಲು ಮೀಟರ್ ಇಟ್ಟು ಬೆಳಕಿಲ್ಲ ಎಂದು ಖಚಿತಪಡಿಸಿಕೊಂಡೇ ಸ್ಕೋಪ್ ಹಿಡಿಯಬೇಕು.

ಈಗ ಆರು ಕಿಲೋಮೀಟರಿನ ಲೈನಿಗೆ ಬರೋಣ. ಮಳೆಯ ನೀರು ಗಾಜಿಗೆ ಇಳಿದು ಬೆಳಕನ್ನು ಕುಡಿಯುವುದಿಲ್ಲ. ಮಳೆಗಾಲದಲ್ಲಿ ಬೆಳಕು ಕಡಿಮೆಯಾಗುವುದು ಬಾಗುವಿಕೆಯಿಂದ, ಎಳೆತದಿಂದ. ನೆನೆದ ಕೊಂಬೆ ಭಾರವಾಗಿ ಕೇಬಲಿನ ಮೇಲೆ ಒರಗುತ್ತದೆ. ಕಂಬಕ್ಕೆ ಬಿಗಿದ ತಂತಿ ಕೇಬಲನ್ನು ಕಚ್ಚುತ್ತದೆ. ಗ್ರಾಹಕರ ಮನೆಯಲ್ಲಿ ಕೈಯಿಂದ ಕೂರಿಸಿದ ಫಾಸ್ಟ್ ಕನೆಕ್ಟರ್ ಇದ್ದರೆ ಅದರೊಳಗಿನ ಗಾಜು ಕಂಬದಿಂದ ಮನೆಗೆ ಬರುವ ಡ್ರಾಪ್ ಕೇಬಲಿನ ಎಳೆತಕ್ಕೆ ಹಿಂದೆ ಸರಿಯುತ್ತದೆ, ಬೆಳಕು ಹಾಯಲು ಹಾಕಿದ ಜೆಲ್‌ನಲ್ಲಿ ಸಂದು ಬೀಳುತ್ತದೆ. ನೀವು ಕಾರ್ಡ್ ಬದಲಿಸುವಾಗ ಅದು ಅಲುಗಿ ಮತ್ತೆ ಕೂರುತ್ತದೆ, ಕಾರ್ಡಿನಿಂದ ಸರಿಹೋಯಿತು ಎಂದು ನಿಮಗೆ ಅನ್ನಿಸುತ್ತದೆ. ನಿಮ್ಮ ಪತ್ರದ ‘ಕೆಲವೊಮ್ಮೆ ಸರಿ, ಕೆಲವೊಮ್ಮೆ ಇಲ್ಲ’ ಎಂಬ ಮಾತು ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಇದರ ಮೇಲೆ. ಆ ತೋಟದ ತುದಿಯಲ್ಲಿ ಫಾಸ್ಟ್ ಕನೆಕ್ಟರ್ ಇದ್ದರೆ ತೆಗೆದು, ಒಂದು ತುದಿಗೆ ಕಾರ್ಖಾನೆಯಲ್ಲೇ ಕನೆಕ್ಟರ್ ಕೂರಿಸಿದ ಪಿಗ್‌ಟೇಲ್ ಹಾಕಿ ಯಂತ್ರದಿಂದ ಸ್ಪ್ಲೈಸ್ ಮಾಡಿಸಿ. ಜಾಯಿಂಟ್ ಬಾಕ್ಸಿನಲ್ಲಿ ನೀರು ನಿಂತಿದ್ದರೂ ಅಂದೇ ಬೆಳಕು ಹೋಗುವುದಿಲ್ಲ. ಆದರೆ ಎಳೆತದಲ್ಲಿರುವ ಗಾಜಿನ ಸಣ್ಣ ಬಿರುಕುಗಳು ತೇವದಲ್ಲಿ ಬೆಳೆಯುತ್ತವೆ, ಮುಂದೊಂದು ದಿನ ತುಂಡಾಗುತ್ತದೆ. ರಬ್ಬರ್ ಸೀಲ್ ಸರಿಯಿಲ್ಲದ ಬಾಕ್ಸುಗಳನ್ನು ಮೇ ತಿಂಗಳಲ್ಲೇ ಬದಲಿಸಿ.

ಬಾಗುವಿಕೆಯನ್ನು ಗುರುತಿಸಲು ಒಂದು ಸುಲಭದ ಗುಟ್ಟಿದೆ. ಬಾಗಿದ ಜಾಗದಲ್ಲಿ ಉದ್ದ ಅಲೆಯ ಬೆಳಕು ಹೆಚ್ಚು ಸೋರುತ್ತದೆ. ಒಂದೇ ಜಾಗವನ್ನು 1310 ಮತ್ತು 1550 ಎರಡರಲ್ಲೂ ಅಳೆದಾಗ ಎರಡರಲ್ಲೂ ನಷ್ಟ ಹೆಚ್ಚುಕಡಿಮೆ ಒಂದೇ ಇದ್ದರೆ ಅದು ಕೊಳೆಯಾದ ಕನೆಕ್ಟರ್ ಅಥವಾ ಕೆಟ್ಟ ಸ್ಪ್ಲೈಸ್. 1550ರಲ್ಲಿ ಮಾತ್ರ ಬಹಳ ಹೆಚ್ಚಿದ್ದರೆ ಅದು ಬಾಗುವಿಕೆಯೇ.

ಒಂದು ಜುಲೈನಲ್ಲಿ ಚೇರಂಬಾಣೆ ದಾಟಿ ಭಾಗಮಂಡಲದ ದಾರಿಯಲ್ಲಿ ಇಂಥದ್ದೇ ಒಂದು ಲೈನ್ ಹಿಡಿದು ಕೂತಿದ್ದೆವು. ಕಕ್ಕಡದ ಮಳೆ, ಒಬ್ಬ ಕೊಡೆ ಹಿಡಿದರೆ ಒಬ್ಬ ಯಂತ್ರ ಹಿಡಿಯಬೇಕು. 3.18 ಕಿಲೋಮೀಟರಿನಲ್ಲಿ ಓಟಿಡಿಆರ್ ತೋರಿಸಿದ ನಷ್ಟ 1310ರಲ್ಲಿ 0.2 ಡಿಬಿ, 1550ರಲ್ಲಿ 2.3. ಬಾಗುವಿಕೆ ಎಂದು ಅಲ್ಲೇ ಗೊತ್ತಾಯಿತು. ಆದರೆ ಬೈಕಿನ ಮೀಟರ್ 3.18 ತೋರಿಸಿದ ಜಾಗದಲ್ಲಿ ಏನೂ ಇರಲಿಲ್ಲ. ಓಟಿಡಿಆರ್ ಅಳೆಯುವುದು ಗಾಜಿನ ಉದ್ದವನ್ನು, ರಸ್ತೆಯ ಉದ್ದವನ್ನಲ್ಲ. ಕಂಬಗಳಲ್ಲಿ ಸುತ್ತಿಟ್ಟ ಉಳಿಕೆ ಕೇಬಲ್, ಜೋಲು, ಕೇಬಲಿನೊಳಗೆ ಗಾಜು ಸುರುಳಿಯಾಗಿ ಹೋಗುವ ಹೆಚ್ಚುವರಿ ಉದ್ದ ಎಲ್ಲ ಅದರಲ್ಲಿ ಸೇರಿರುತ್ತದೆ. ಲೈನ್ ಎಳೆದವರು ಎಲ್ಲೆಲ್ಲಿ ಎಷ್ಟು ಮೀಟರ್ ಸುತ್ತಿಟ್ಟಿದ್ದಾರೆ ಎಂದು ಬರೆದಿಟ್ಟಿದ್ದರು. ಅದನ್ನು ಕಳೆದು ಹಿಂದಕ್ಕೆ ನಡೆದೆವು. ಸುಮಾರು 250 ಮೀಟರ್ ಈಚೆಗೆ, ಮರಗಸಿ ಮಾಡುವಾಗ ಕಡಿದ ಸಿಲ್ವರ್ ಓಕಿನ ಕೊಂಬೆಯೊಂದು ಪೂರ್ತಿ ಕೆಳಗೆ ಬೀಳದೆ ಕೇಬಲಿಗೆ ಸಿಕ್ಕಿಕೊಂಡು, ಕಂಬದ ಕ್ಲಾಂಪಿನ ಬುಡದಲ್ಲಿ ಕೇಬಲನ್ನು ಮಡಚಿತ್ತು. ಬೇಸಿಗೆಯಲ್ಲಿ ಒಣಗಿ ಹಗುರವಾಗಿದ್ದ ಕೊಂಬೆ ಮಳೆಯಲ್ಲಿ ನೆನೆದು ಭಾರವಾಗಿತ್ತು. ಕೊಕ್ಕೆಯಿಂದ ಎಳೆದು ಬೀಳಿಸಿದ ಕೂಡಲೇ ಕಚೇರಿಯಲ್ಲಿದ್ದವರು ಫೋನಿನಲ್ಲಿ ಅಂಕಿ ಏರಿತು ಎಂದರು.

ನಿಮ್ಮ ಓಟಿಡಿಆರ್ ಬೆಳಕು ಹೆಚ್ಚಾದಂತೆ ತೋರಿಸಿತಲ್ಲ, ಯಂತ್ರ ಕೆಟ್ಟಿಲ್ಲ. ಬೆಟ್ಟದ ಮುಂದೆ ನಿಂತು ಕೂಗಿದರೆ ಮಾರ್ದನಿ ಬರುವಂತೆ, ಈ ಯಂತ್ರ ಫೈಬರಿನೊಳಗೆ ಬೆಳಕಿನ ಮಿಡಿತ ಕಳಿಸಿ, ಗಾಜಿನ ಉದ್ದಕ್ಕೂ ಚದುರಿ ಹಿಂದಿರುಗುವ ಅಲ್ಪ ಬೆಳಕನ್ನು ಆಲಿಸುತ್ತದೆ. ನಷ್ಟವನ್ನು ಅದು ನೇರ ಅಳೆಯುವುದಿಲ್ಲ, ಹಿಂದಿರುಗಿದ ಬೆಳಕಿನಿಂದ ಊಹಿಸುತ್ತದೆ. ಎರಡು ಬೇರೆ ತಯಾರಿಕೆಯ ಗಾಜುಗಳನ್ನು ಬೆಸೆದಾಗ ಎರಡನೆಯದು ಸ್ವಲ್ಪ ಹೆಚ್ಚು ಬೆಳಕನ್ನು ಹಿಂದಕ್ಕೆ ಚದುರಿಸಿದರೆ ಯಂತ್ರ ಅದನ್ನು ಲಾಭ ಎಂದು ಓದುತ್ತದೆ. ಆಚೆ ತುದಿಯಿಂದ ಅಳೆದರೆ ಅದೇ ಜಾಯಿಂಟ್ ಅತಿ ಹೆಚ್ಚು ನಷ್ಟ ತೋರಿಸುತ್ತದೆ. ಈಚೆಯಿಂದ 0.18 ಲಾಭ, ಆಚೆಯಿಂದ 0.30 ನಷ್ಟ ಎಂದು ಬಂದರೆ 0.30ರಿಂದ 0.18 ಕಳೆದು ಎರಡರಿಂದ ಭಾಗಿಸಿ: ನಿಜವಾದ ನಷ್ಟ 0.06 ಡಿಬಿ. ಅದು ಒಳ್ಳೆಯ ಸ್ಪ್ಲೈಸ್. ಒಂದೇ ಕಡೆಯಿಂದ ಅಳೆದು ಆ ಜಾಯಿಂಟ್ ಒಡೆದು ಮತ್ತೆ ಮಾಡಲು ಹೋಗಬೇಡಿ.

ಇನ್ನೂ ಎರಡು ಎಚ್ಚರಿಕೆ. ಯಂತ್ರಕ್ಕೆ ನೇರವಾಗಿ ಲೈನ್ ಸಿಕ್ಕಿಸಿದರೆ ಮೊದಲ ಕನೆಕ್ಟರ್ ಅದಕ್ಕೆ ಕಾಣುವುದಿಲ್ಲ, ತನ್ನದೇ ಮಿಡಿತದ ಹೊಳಪಿಗೆ ಸ್ವಲ್ಪ ದೂರದವರೆಗೆ ಅದು ಕುರುಡಾಗಿರುತ್ತದೆ. ನಡುವೆ 500 ಮೀಟರ್ ಅಥವಾ ಒಂದು ಕಿಲೋಮೀಟರಿನ ಲಾಂಚ್ ಕೇಬಲ್ ಸುರುಳಿ ಹಾಕಬೇಕು. ಕೊನೆಯ ಕನೆಕ್ಟರ್ ನೋಡಬೇಕಿದ್ದರೆ ಆಚೆ ತುದಿಗೂ ಒಂದು ಸುರುಳಿ ಬೇಕು. ಎರಡನೆಯದಾಗಿ, ಕಚೇರಿಯ ಕಡೆಯಿಂದ ಸ್ಪ್ಲಿಟರ್ ದಾಟಿಸಿ ನೋಡಿದರೆ ಎಂಟು ಮನೆಗಳ ಮಾರ್ದನಿ ಒಂದರ ಮೇಲೊಂದು ಬಿದ್ದು ಯಾವುದು ಯಾರದ್ದೆಂದು ತಿಳಿಯದು. ಗ್ರಾಹಕರ ಕಡೆಯಿಂದ ಸ್ಪ್ಲಿಟರ್‌ವರೆಗೆ ನೋಡಿ. ಬೆಳಕಿರುವ ಲೈನಿಗೆ ಸಾಮಾನ್ಯ ಓಟಿಡಿಆರ್ ಸಿಕ್ಕಿಸಬಾರದು, ಸೋಸುಗಾಜು ಇರುವ 1625 ಅಥವಾ 1650ರ ಯಂತ್ರವೇ ಬೇಕು.

ಕೊಳ್ಳಬೇಕೇ ಎಂದರೆ, ಈಗ ಬೇಡ. ನಿಮ್ಮ ಹಣ ಮೊದಲು ಹೋಗಬೇಕಾದದ್ದು ಸ್ಕೋಪಿಗೆ, ಕ್ಲೀನರಿಗೆ, ಎರಡು ಅಲೆಯ ಲೈಟ್ ಸೋರ್ಸಿಗೆ, ರೆಫರೆನ್ಸ್ ಕಾರ್ಡ್‌ಗಳಿಗೆ. ಓಟಿಡಿಆರನ್ನು ವರ್ಷಕ್ಕೆ ಎರಡು ಸಲ ಬಾಡಿಗೆಗೆ ತನ್ನಿ, ಗೆಳೆಯರದ್ದೇ ಸಿಕ್ಕರೆ ಇನ್ನೂ ಒಳ್ಳೆಯದು. ಒಮ್ಮೆ ಮೇ ತಿಂಗಳಲ್ಲಿ, ಮರಗಸಿ ಮುಗಿದು ಮಳೆ ಹಿಡಿಯುವ ಮೊದಲು. ಇನ್ನೊಮ್ಮೆ ಕಾವೇರಿ ಸಂಕ್ರಮಣ ಕಳೆದ ಮೇಲೆ. ಪ್ರತಿ ಫೈಬರಿನ ಚಿತ್ರ ಉಳಿಸಿಡಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ದಾರಿ ಮುಚ್ಚಿದ ದಿನಗಳನ್ನು ನೀವೂ ಕಂಡಿದ್ದೀರಿ. ನೆಲ ಸರಿಯುವ ಏರುಗಳಲ್ಲಿ ಕೇಬಲ್ ತುಂಡಾಗುವ ಮೊದಲು ಬಿಗಿಯಾಗುತ್ತದೆ, ಬಾಕ್ಸಿನೊಳಗೆ ಗಾಜು ಎಳೆದು ಬಾಗುತ್ತದೆ, 1550ರ ನಷ್ಟ ಏರುತ್ತದೆ. ಕಳೆದ ವರ್ಷದ ಚಿತ್ರ ಕೈಯಲ್ಲಿದ್ದರೆ ಆ ಏರಿಕೆ ಕಾಣುತ್ತದೆ, ಇಲ್ಲದಿದ್ದರೆ ಕಾಣುವುದಿಲ್ಲ. ರಸ್ತೆ ಮುಚ್ಚಿದ ಊರಿನಲ್ಲಿ ಕಾಯಿಲೆಯವರಿಗೆ ವೈದ್ಯರನ್ನು ಸೇರಿಸುವುದು ಇಂಥ ಒಂದು ಲೈನೇ ಆಗಿರಬಹುದು.

ಈ ವಾರ ನೀವು ಮಾಡಬೇಕಾದದ್ದು ಇಷ್ಟು. ಕಚೇರಿಯಲ್ಲಿ ಓಎಲ್‌ಟಿ ಬಿಡುವ ಬೆಳಕನ್ನು ಅಳೆದು ಬರೆಯಿರಿ. ಆಮೇಲೆ 1:4 ಸ್ಪ್ಲಿಟರಿನ ಒಳಗೆ, ಹೊರಗೆ, 1:8ರ ಒಳಗೆ, ಹೊರಗೆ, ತೋಟದ ತುದಿಯಲ್ಲಿ, ಹೀಗೆ ಐದು ಕಡೆ 1490ರಲ್ಲಿ ಅಳೆಯಿರಿ. ಒಂದೊಂದನ್ನೂ ಮೇಲಿನ ಲೆಕ್ಕದೊಂದಿಗೆ ಹೋಲಿಸಿ. ಏಳು ಡಿಬಿ ಯಾವ ಎರಡು ಅಂಕಿಗಳ ನಡುವೆ ಕಾಣೆಯಾಗಿದೆಯೋ ಆ ಭಾಗವನ್ನಷ್ಟೇ ನಡೆದು ನೋಡಿ. ಕೊನೆಯ ಸ್ಪ್ಲಿಟರಿನ ಆಚೆ ಎಂದು ಬಂದರೆ ಮೊದಲು ಫಾಸ್ಟ್ ಕನೆಕ್ಟರ್ ಬದಲಿಸಿ, ಆಮೇಲೆ ಮರಗಳನ್ನು ನೋಡಿ. ಅಳತೆಗಳನ್ನು ದಿನಾಂಕದೊಂದಿಗೆ ಒಂದು ಗಟ್ಟಿ ರಟ್ಟಿನ ಪುಸ್ತಕದಲ್ಲಿ ಬರೆಯಿರಿ, ಜಾಯಿಂಟ್ ಬಾಕ್ಸುಗಳಿಗೆ ಸಂಖ್ಯೆ ಕೊಟ್ಟು ಪ್ರತಿಯೊಂದರಲ್ಲೂ ಎಷ್ಟು ಮೀಟರ್ ಸುತ್ತಿಟ್ಟಿದ್ದೀರಿ ಎಂದೂ ಬರೆಯಿರಿ. ಆ ಐದು ಅಂಕಿಗಳನ್ನು ನನಗೂ ಕಳಿಸಿ. ನೂರು ಕಾರ್ಡ್‌ಗಳಲ್ಲಿ ಎಷ್ಟು ಪಾಸಾದವು ಎಂದೂ ತಿಳಿಸಿ.